ಕರ್ನಾಟಕದ ಟಿಬೆಟಿಯನ್ ಹಿರಿಯರ ಮೌಖಿಕ ಇತಿಹಾಸ

ಕರ್ನಾಟಕದ ಟಿಬೆಟಿಯನ್ ಹಿರಿಯರ ಮೌಖಿಕ ಇತಿಹಾಸವು, 1959ರ ನಂತರ ಟಿಬೆಟ್ ತೊರೆದು ರಾಜ್ಯದಲ್ಲಿ ನೆಲೆಸಿದ ಮೊದಲ ತಲೆಮಾರಿನವರ ನೆನಪುಗಳ ದಾಖಲೆಯಾಗಿದೆ. ಹಿರಿಯರು ಮನೆಯಲ್ಲಿ ಹೇಳದೆ ಉಳಿದ ಪೂರ್ವಜೀವನವನ್ನು ಅರಿಯಲು ಮೊಮ್ಮಕ್ಕಳಿಗೆ ಇದು ಮುಖ್ಯ ಆಕರವಾಗಿದೆ.

ಹಿನ್ನೆಲೆ

1959ರ ಮಾರ್ಚ್‌ನಲ್ಲಿ ಲ್ಹಾಸಾದ ಬಂಡಾಯದ ಬಳಿಕ 14ನೆಯ ದಲೈ ಲಾಮಾ ಭಾರತಕ್ಕೆ ಬಂದರು. ಸುಮಾರು 80,000 ಜನ ಅವರನ್ನು ಹಿಂಬಾಲಿಸಿದರು. 1960ರ ದಶಕದ ಆರಂಭದಲ್ಲಿ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ರಾಜ್ಯದ ಮೊದಲ ಟಿಬೆಟಿಯನ್ ವಸಾಹತು ಸ್ಥಾಪನೆಯಾಯಿತು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡದಲ್ಲಿ ಮತ್ತೊಂದು ಆರಂಭವಾದಾಗ, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ ಜನಿಸಿದ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದರು. ವಲಸೆ ಬಂದವರು ಕಾಡು ಕಡಿದು ಹೊಲ ಮಾಡಿ ಮುಸುಕಿನ ಜೋಳ ಬೆಳೆದರು.

ಮೌನದ ಕಾರಣಗಳು

ತಾಯ್ನಾಡಿನಲ್ಲಿ ಉಳಿದ ಬಂಧುಗಳಿಗೆ ತೊಂದರೆಯಾದೀತೆಂಬ ಭಯ ಒಂದು ಕಾರಣ. ಸೈನಿಕ ಗೋಪ್ಯತೆ ಇನ್ನೊಂದು. 1958ರಲ್ಲಿ ರಚನೆಯಾದ ಚುಶಿ ಗಾಂಗ್‌ಡ್ರುಕ್ ಎಂಬ ಪ್ರತಿರೋಧ ಪಡೆಯ ಕೆಲವರಿಗೆ ಅಮೆರಿಕದ ಗುಪ್ತಚರ ಸಂಸ್ಥೆಯು ರಹಸ್ಯವಾಗಿ ತರಬೇತಿ ನೀಡಿತ್ತು. 1962ರಲ್ಲಿ ಭಾರತ ಸರ್ಕಾರವು ಟಿಬೆಟಿಯನ್ನರನ್ನು ಸೇರಿಸಿ ಕಟ್ಟಿದ ವಿಶೇಷ ಗಡಿ ಪಡೆಯು 1971ರ ಬಾಂಗ್ಲಾದೇಶ ಯುದ್ಧದಲ್ಲಿ ಚಿತ್ತಗಾಂಗ್ ಬೆಟ್ಟಗಳಲ್ಲಿ ಹೋರಾಡಿತು. ಪಡೆ ರಹಸ್ಯವಾಗಿದ್ದುದರಿಂದ ಯೋಧರ ಶೌರ್ಯಕ್ಕೆ ಬಹಿರಂಗ ಮನ್ನಣೆ ದೊರೆಯಲಿಲ್ಲ.

ದಾಖಲೀಕರಣ

ಮಾರ್ಸೆಲಾ ಆಡಮ್ಸ್ಕಿ 2003ರಲ್ಲಿ ಸ್ಥಾಪಿಸಿದ ಟಿಬೆಟ್ ಓರಲ್ ಹಿಸ್ಟರಿ ಪ್ರಾಜೆಕ್ಟ್ ಸಂಸ್ಥೆಯು 2007ರಲ್ಲಿ ಬೈಲಕುಪ್ಪೆಯ ಹಿರಿಯರನ್ನು ಸಂದರ್ಶಿಸಿತು. ಬಾಲ್ಯ, ಪಶುಪಾಲನೆ, ಸೆರೆವಾಸ, ಹಿಮಾಲಯ ದಾಟಿದ ಪ್ರಯಾಣ, ದಾರಿಯಲ್ಲಿ ತೀರಿಕೊಂಡವರ ವಿವರಗಳು ಇಂತಹ ಸಂದರ್ಶನಗಳಲ್ಲಿವೆ. ಅವುಗಳ ವಿಡಿಯೊಗಳೂ ಇಂಗ್ಲಿಷ್ ಲಿಖಿತ ರೂಪವೂ ಅಂತರಜಾಲದಲ್ಲಿ ಲಭ್ಯವಿವೆ. ಟಿಬೆಟಿಯನ್ ಭಾಷೆಯಲ್ಲಿ ಅಜ್ಜನನ್ನು ‘ಪೊಪೊಲಾ’, ಅಜ್ಜಿಯನ್ನು ‘ಮೊಮೊಲಾ’ ಎಂದು ಕರೆಯುತ್ತಾರೆ. ವಿದೇಶಗಳಲ್ಲಿ ಬೆಳೆದು ಆ ಭಾಷೆಯನ್ನು ಸರಾಗವಾಗಿ ಆಡಲಾರದ ಮೊಮ್ಮಕ್ಕಳಿಗೆ ಅನುವಾದಗಳು ನೆರವಾಗುತ್ತವೆ.

ಪ್ರಾಮುಖ್ಯ

ಕುಟುಂಬದ ಭೂತಕಾಲಕ್ಕೆ ಕಾನೂನಿನ ಮಹತ್ವವೂ ಇದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದಲ್ಲಿ ಜನಿಸಿದ ಟಿಬೆಟಿಯನ್ನರು ಜನ್ಮತಃ ಭಾರತೀಯ ಪೌರರೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಎತ್ತಿಹಿಡಿಯಿತು. 1987ರ ಜುಲೈ 1ರ ನಂತರ ಹುಟ್ಟಿದವರ ಪೌರತ್ವವು ತಂದೆತಾಯಿಗಳ ಪೌರತ್ವವನ್ನು ಅವಲಂಬಿಸಿದೆ. ಆದ್ದರಿಂದ ಅಜ್ಜ-ಅಜ್ಜಿಯರು ಯಾವಾಗ ಬಂದರು, ಮಕ್ಕಳು ಎಲ್ಲಿ ಹುಟ್ಟಿದರು ಎಂಬ ಪ್ರಶ್ನೆಗಳು ಮೊಮ್ಮಕ್ಕಳ ಹಕ್ಕಿಗೂ ಸಂಬಂಧಿಸಿವೆ. 1959ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಕೇಳಿ ಬರೆದಿಟ್ಟುಕೊಳ್ಳಲು ಉಳಿದಿರುವ ಕಾಲ ಅಲ್ಪ.