ಗೆರಟೆಯಿಂದ ಗಾಲಿಗೆ

ಹಳೆಯ ಕಾರಿನ ಸುದ್ದಿ ಬಂದರೆ ಜನ ಅದರ ಬಣ್ಣದ ಬಗ್ಗೆ ಮಾತಾಡುತ್ತಾರೆ, ಎಂಜಿನ್ನಿನ ಬಗ್ಗೆ ಮಾತಾಡುತ್ತಾರೆ, ಯಾರ ಮದುವೆಗೆ ಎಷ್ಟು ಮಂದಿಯನ್ನು ತುಂಬಿಕೊಂಡು ಹೋಗಿತ್ತೆಂದು ನೆನಪು ಮಾಡಿಕೊಂಡು ನಗುತ್ತಾರೆ. ಟಯರಿನ ವಿಷಯ ಎತ್ತುವವರು ಕಡಿಮೆ. ಇಡೀ ಕಾರಿನಲ್ಲಿ ನೆಲಕ್ಕೆ ತಾಗಿಕೊಂಡಿರುವುದು ಅದೊಂದೇ ಆದರೂ, ಅದಕ್ಕೆ ಬಾಗಿಲ ಬಳಿಯ ಕಾಲೊರಸಿನಷ್ಟೇ ಮರ್ಯಾದೆ. ಆದರೆ ಇಚಿಲಂಪಾಡಿಯಂಥ ಊರಿನಲ್ಲಿ ಹುಟ್ಟಿದವರಿಗೆ ಟಯರು ಬರೀ ಅಂಗಡಿಯ ಸಾಮಾನಲ್ಲ. ನಮ್ಮ ಗುಡ್ಡದಿಂದ ಬೆಳ್ಳಗೆ ಹೋದದ್ದು ಕಪ್ಪಾಗಿ ಮರಳಿ ಬರುವ ವಸ್ತು ಅದು.

ಇಚಿಲಂಪಾಡಿ ಈಗ ಕಡಬ ತಾಲೂಕಿಗೆ ಸೇರಿದೆ. ನಾವು ಚಿಕ್ಕವರಿದ್ದಾಗ ಪುತ್ತೂರು ತಾಲೂಕು ಎಂದೇ ವಿಳಾಸ ಬರೆಯುತ್ತಿದ್ದೆವು. ತಗ್ಗಿನಲ್ಲಿ ಅಡಿಕೆ ತೋಟ, ಮೇಲೆ ಗುಡ್ಡದಲ್ಲಿ ರಬ್ಬರು. ಕಳೆದ ಶತಮಾನದ ನಡುಭಾಗದಿಂದ ತಿರುವಾಂಕೂರಿನ ಕಡೆಯ ಕ್ರೈಸ್ತ ಕುಟುಂಬಗಳು ನೆಲ್ಯಾಡಿ, ಕಡಬದ ಸುತ್ತಮುತ್ತ ಬಂದು ನೆಲೆಸಿದವು. ಅವರ ತೋಟ ನೋಡಿ ನಮ್ಮವರೂ ಗೇರುಗುಡ್ಡೆಯನ್ನು ಅಗೆದು ರಬ್ಬರು ನೆಟ್ಟರು. ನೆಟ್ಟ ಏಳನೆಯ ವರ್ಷದ ಹೊತ್ತಿಗೆ ಮರ ಟ್ಯಾಪಿಂಗಿಗೆ ಬರುತ್ತದೆ. ನಸುಕಿನಲ್ಲಿ ತಲೆಗೆ ಲೈಟು ಕಟ್ಟಿಕೊಂಡು ಹೋಗಿ, ತೊಗಟೆಯಲ್ಲಿ ಓರೆಯಾಗಿ ತೆಳ್ಳಗೆ ಒಂದು ಗೀರು ಕೊಯ್ಯಬೇಕು. ಹೆಚ್ಚು ಆಳಕ್ಕೆ ಹೋದರೆ ಮರಕ್ಕೆ ಗಾಯ, ಮೇಲೆ ಮೇಲೆ ಕೊಯ್ದರೆ ಹಾಲಿಲ್ಲ. ಗೆರಟೆಗೆ ಬಿದ್ದ ಹಾಲನ್ನು ಬಿಸಿಲೇರುವ ಮೊದಲೇ ಸೇರಿಸಿ ತಂದು, ನೀರು ಬೆರೆಸಿ, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಮಿಷನಿನಲ್ಲಿ ಶೀಟು ಮಾಡಿ, ಹೊಗೆಗೂಡಿನಲ್ಲಿ ಒಣಗಿಸಬೇಕು. ಹಾಲು ಹೊತ್ತು ತರುವುದರಿಂದ ಹಿಡಿದು ಶೀಟನ್ನು ಬಟ್ಟೆಯ ಹಾಗೆ ಒಣಹಾಕುವವರೆಗೆ ಅರ್ಧಕ್ಕರ್ಧ ಕೆಲಸ ಹೆಂಗಸರದ್ದೇ. ಅಮ್ಮನ ಸೀರೆಗೆ ಯಾವಾಗಲೂ ಆ ಹೊಗೆಯ ಹುಳಿವಾಸನೆ ಇರುತ್ತಿತ್ತು.

ನಮ್ಮ ಮನೆಯ ಶೆಡ್ಡಿನಲ್ಲಿ ಅಪ್ಪ ಎರಡನೆಯ ಕೈಯಲ್ಲಿ ಕೊಂಡ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಂಟು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಕಂಪೆನಿ 1961ರಿಂದ ಇಲ್ಲಿ ತಯಾರಿಸುತ್ತಿತ್ತು. ಎರಡೇ ಬಾಗಿಲು, ಮುಂದಿನ ಬಾನೆಟ್ಟು ಪೆಟ್ಟಿಗೆಯ ಮುಚ್ಚಳದ ಹಾಗೆ ಇಡಿಯಾಗಿ ಮೇಲೇಳುತ್ತದೆ. ಇದೇ ಹೆರಾಲ್ಡಿನ ಅಡಿಗಟ್ಟನ್ನು ಗಿಡ್ಡ ಮಾಡಿ ಅದರ ಮೇಲೆ ಇಂಗ್ಲೆಂಡಿನವರು 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಕಟ್ಟಿದರು. ಎರಡರ ರೂಪವನ್ನೂ ಬರೆದವನು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಮೊದಮೊದಲಿನ ಸ್ಪಿಟ್‌ಫೈರಿಗೂ ನಮ್ಮ ಹೆರಾಲ್ಡಿಗೂ ಟಯರಿನ ಅಳತೆ ಒಂದೇ, 5.20-13. ತಮ್ಮನ ಮಗಳು ಇದನ್ನು ಓದಿ ತಿಳಿದ ದಿನ, "ಅತ್ತೆ, ನಮ್ಮದು ಸ್ಪೋರ್ಟ್ಸ್ ಕಾರಿನ ಅಕ್ಕ, ಗೊತ್ತುಂಟಾ?" ಎಂದು ಅಂಗಳ ತುಂಬ ಕುಣಿದಳು. ಮರುದಿನವೇ ಅವಳ ಹಟ ಶುರುವಾಯಿತು. ಅಜ್ಜನ ಕಾರನ್ನು ಓಡುವ ಹಾಗೆ ಮಾಡಬೇಕು, ಶಿರಾಡಿ ಘಾಟಿ ಹತ್ತಿಸಿ ಸಕಲೇಶಪುರಕ್ಕೆ ತಾನೇ ಬಿಟ್ಟುಕೊಂಡು ಹೋಗಬೇಕು.

ಎಂಜಿನ್ನಿನ ಕೆಲಸವೇನೋ ಮುಗಿಯಿತು. ಉಳಿದದ್ದು ಟಯರು. "ಅದಕ್ಕೆಂತ ಆಗಿದೆ ಅಕ್ಕಾ? ಬಟನೆಲ್ಲ ಹೊಸದರ ಹಾಗೇ ಉಂಟು" ಎಂದ ತಮ್ಮ. ಅವನು ಹೇಳಿದ್ದೂ ಸುಳ್ಳಲ್ಲ. ಹದಿನಾಲ್ಕು ವರ್ಷದ ಹಿಂದೆ ಹಾಕಿಸಿದ ಟಯರು, ಓಡಿದ್ದು ಪುತ್ತೂರಿಗೆ ನಾಲ್ಕೈದು ಸಲ. ಆದರೆ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಮಾರ್ಚ್ ತಿಂಗಳ ಗದ್ದೆಯ ಹಾಗೆ ಸಣ್ಣ ಸಣ್ಣ ಬಿರುಕು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಅದು ಯಾಕೆಂದು ತಿಳಿಯಬೇಕಾದರೆ ಅದರ ಚರಿತ್ರೆಗೇ ಹೋಗಬೇಕು.

ಮರದಿಂದ ಬಂದ ರಬ್ಬರು ಸೆಕೆಗೆ ಅಂಟಾಗುತ್ತದೆ, ಚಳಿಗೆ ಗಟ್ಟಿಯಾಗಿ ಒಡೆಯುತ್ತದೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಅದಕ್ಕೆ ಗಂಧಕ ಸೇರಿಸಿ ಬಿಸಿ ಮಾಡಿದಾಗ ಈ ಎರಡು ದೋಷವೂ ಹೋಗುವುದನ್ನು ಕಂಡುಕೊಂಡ. ಪಾಪ, ಅವನು 1860ರಲ್ಲಿ ಸಾಲದಲ್ಲೇ ಸತ್ತ. ಅವನ ಹೆಸರಿನ ಕಂಪೆನಿ ಹುಟ್ಟಿದ್ದು 1898ರಲ್ಲಿ, ಬೇರೆಯವರಿಂದ. ಗಂಧಕ ರಬ್ಬರಿನ ಎಳೆಗಳನ್ನು ಒಂದಕ್ಕೊಂದು ಹೊಲಿದು ಕೊಡುತ್ತದೆ ಎನ್ನಿ. ಆದರೆ ಗಾಳಿಯೂ ಬಿಸಿಲೂ ವರ್ಷಗಟ್ಟಲೆ ಬಡಿದು ಆ ರಬ್ಬರನ್ನು ಪೆಡಸು ಮಾಡುತ್ತವೆ. ಹಳೆಯ ಟಯರು ಬಿರಿಯುವುದು ಅದಕ್ಕೇ.

ಗಾಳಿ ತುಂಬಿದ ಟಯರಿಗೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟು ಪಡೆದಿದ್ದರೂ ಅದು ಮೂಲೆಗೆ ಬಿತ್ತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್, ಮಗನ ಮೂರುಗಾಲಿ ಸೈಕಲ್ಲಿನ ಕುಲುಕಾಟ ತಪ್ಪಿಸಲು ಹೊರಟು ಅದನ್ನೇ ಹೊಸದಾಗಿ ಕಂಡುಹಿಡಿದ. ಅದೇ 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬಾಕೆ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನು ಮಾಡಿದ ಮೋಟಾರು ಗಾಡಿಯನ್ನು ನೂರು ಕಿಲೋಮೀಟರಿಗೂ ದೂರದ ತವರಿಗೆ ಓಡಿಸಿಕೊಂಡು ಹೋದಳು. ಲೋಕದ ಮೊದಲ ದೂರದ ಕಾರುಪ್ರಯಾಣ ಒಬ್ಬ ಹೆಂಗಸಿನದು, ಅದೂ ಗಾಳಿಯ ಟಯರಿಲ್ಲದೆ. ಆಕೆಯ ಸೊಂಟ ಏನಾಗಿರಬಹುದೆಂದು ನಮ್ಮ ಬಸ್ಸುಗಳಲ್ಲಿ ಹಿಂದಿನ ಸೀಟು ಹಿಡಿದವರಿಗೆ ಹೇಳಬೇಕಾಗಿಲ್ಲ.

ಸೈಕಲ್ಲು, ಕಾರು ಹೆಚ್ಚಿದಂತೆ ರಬ್ಬರಿನ ಹಸಿವೂ ಹೆಚ್ಚಿತು. ಆ ಹಸಿವಿಗೆ ಕೊರಳೊಡ್ಡಿದ್ದು ಆಫ್ರಿಕದ ಕಾಂಗೊ. ಬೆಲ್ಜಿಯಂನ ದೊರೆ ಲಿಯೊಪೋಲ್ಡ್ 1885ರಿಂದ 1908ರವರೆಗೆ ಅದನ್ನು ಸ್ವಂತ ಆಸ್ತಿಯ ಹಾಗೆ ಆಳಿದ. ಕಾಡಿನಿಂದ ಗೊತ್ತುಮಾಡಿದಷ್ಟು ರಬ್ಬರು ತರದ ಊರುಗಳ ಮೇಲೆ ಸೈನಿಕರು ಬೀಳುತ್ತಿದ್ದರು, ಜನರ ಕೈ ಕಡಿಯುತ್ತಿದ್ದರು. 1904ರಲ್ಲಿ ಆಲಿಸ್ ಸೀಲಿ ಹ್ಯಾರಿಸ್ ಎಂಬ ಮಿಶನರಿ ಮಹಿಳೆ ಒಂದು ಚಿತ್ರ ತೆಗೆದಳು. ತಂದೆಯೊಬ್ಬ ತನ್ನ ಪುಟ್ಟ ಮಗಳ ಕಡಿದುಹೋದ ಕೈಕಾಲನ್ನು ಮುಂದಿಟ್ಟುಕೊಂಡು ಸುಮ್ಮನೆ ನೋಡುತ್ತ ಕುಳಿತ ಚಿತ್ರ. ಇಂಥ ಚಿತ್ರಗಳನ್ನು ಊರೂರಿನ ಸಭೆಗಳಲ್ಲಿ ತೋರಿಸಿದ ಮೇಲೆಯೇ ಯುರೋಪಿನವರ ಕಣ್ಣು ತೆರೆದದ್ದು. ರಬ್ಬರಿನ ಚರಿತ್ರೆ ಬರೆಯುವಾಗ ಈ ಪುಟವನ್ನು ಮಗುಚಿ ಮುಂದೆ ಹೋಗಲು ನನಗಂತೂ ಮನಸ್ಸು ಬರುವುದಿಲ್ಲ.

ನಮ್ಮ ಕಡೆಗೆ ರಬ್ಬರು ಬಂದ ದಾರಿ ಬೇರೆ. 1876ರಲ್ಲಿ ಹೆನ್ರಿ ವಿಕಮ್ ಎಂಬ ಇಂಗ್ಲಿಷಿನವನು ಬ್ರೆಜಿಲಿನಿಂದ ಸುಮಾರು 70,000 ರಬ್ಬರು ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳಲ್ಲಿ ಹೆಚ್ಚಿನವು ಸಿಲೋನಿಗೆ ಹೋದವು. ಕೇರಳದ ತಟ್ಟೇಕಾಡಿನಲ್ಲಿ 1902ರಲ್ಲಿ ನಮ್ಮ ದೇಶದ ಮೊದಲ ವ್ಯಾಪಾರೀ ರಬ್ಬರು ತೋಟವಾಯಿತು. 1947ರ ಕಾನೂನಿನಿಂದ ರಬ್ಬರ್ ಬೋರ್ಡಿಗೆ ತಳಹದಿ ಬಿತ್ತು.

ಸಸಿ ಹೋದ ಸಿಲೋನಿಗೆ ಮನುಷ್ಯರೂ ಹೋಗಿದ್ದರು. ತಮಿಳುನಾಡಿನ ಬಡವರನ್ನು ಬ್ರಿಟಿಷರು ಮೊದಲು ಕಾಫಿಗೆ, ಆಮೇಲೆ ಚಹಾ, ರಬ್ಬರು ತೋಟಗಳಿಗೆ ಕರೆದೊಯ್ದಿದ್ದರು. ಸ್ವಾತಂತ್ರ್ಯ ಬಂದಮೇಲೆ ಅವರು ಯಾವ ದೇಶದವರೂ ಅಲ್ಲ ಎಂಬಂತಾಯಿತು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಲ್ಲಿ 5,25,000 ಮಂದಿಯನ್ನು ಭಾರತಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ಅವರಲ್ಲಿ ಕೆಲವರು ಬಂದದ್ದು ನಮ್ಮ ಸುಳ್ಯ, ಪುತ್ತೂರಿನ ಕಾಡಂಚಿನ ಸರಕಾರಿ ರಬ್ಬರು ತೋಟಗಳಿಗೆ; 1971ರಲ್ಲಿ ಹುಟ್ಟಿದ ಅರಣ್ಯ ಅಭಿವೃದ್ಧಿ ನಿಗಮ ಅವನ್ನು ನೋಡಿಕೊಳ್ಳತೊಡಗಿತು. ಅಜ್ಜನ ಕಾಲದಲ್ಲಿ ಸಮುದ್ರ ದಾಟಿ, ಮೊಮ್ಮಕ್ಕಳ ಕಾಲದಲ್ಲಿ ತಿರುಗಿ ಸಮುದ್ರ ದಾಟಿ, ಭಾಷೆ ತಿಳಿಯದ ಊರಿನಲ್ಲಿ ಸಾಲುಮನೆಯಲ್ಲಿ ಒಲೆ ಹೂಡಿದ ಹೆಂಗಸರನ್ನು ನೆನೆಯಿರಿ. ನಮ್ಮ ಕಡೆಯ ಎಷ್ಟೋ ಮಕ್ಕಳು ಶಾಲೆಯಲ್ಲಿ ತಮಿಳು ಮಾತಾಡುವ ಗೆಳತಿಯರ ಪಕ್ಕದಲ್ಲಿ ಕುಳಿತು ಕನ್ನಡ ಮಗ್ಗಿ ಕಲಿತದ್ದು ಹೀಗೆ.

ಲೋಕದಲ್ಲಿ ಬೆಳೆಯುವ ರಬ್ಬರಿನ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಟಯರಿಗೇ ಹೋಗುತ್ತದೆ. ನಮ್ಮ ಪೇಪರಿನಲ್ಲಿ ದಿನವೂ ಬರುವ ಆರ್.ಎಸ್.ಎಸ್. 4 ಎಂಬ ಧಾರಣೆಯೂ ಟಯರಿಗೆ ಹೋಗುವ ಶೀಟಿನದ್ದೇ. 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದು 2016ರ ಆರಂಭದಲ್ಲಿ ನೂರರ ಒಳಗೆ ಬಿದ್ದಾಗ, ಊರಿನಲ್ಲಿ ಕೆಲವರು ಟ್ಯಾಪಿಂಗನ್ನೇ ನಿಲ್ಲಿಸಿದರು. ಮೈಸೂರಿನಲ್ಲೇ ಒಂದು ಟಯರು ಕಾರ್ಖಾನೆ, ವಿಕ್ರಾಂತ್, ನಮ್ಮ ರಾಜ್ಯದವರದ್ದೆಂದು ಹೆಮ್ಮೆಯಿತ್ತು. 1997ರಲ್ಲಿ ಅದು ಜೆ.ಕೆ. ಕಂಪೆನಿಯ ಕೈಸೇರಿತು.

ಇಷ್ಟು ತಿಳಿದ ಮೇಲೆ ಅಂಗಡಿಗೆ ಹೋಗುವುದು ಬೇರೆಯೇ ಅನುಭವ. ತಮ್ಮನಿಗೆ ಅಗಲದ, ನೋಡಲು ಗಮ್ಮತ್ತಿನ ಟಯರು ಬೇಕಿತ್ತು. ಅಂಗಡಿಯಾತನೂ ಅದಕ್ಕೇ ತಾಳ ಹಾಕಿದ. ಹುಡುಗಿ ಮಾತ್ರ ಒಪ್ಪಲಿಲ್ಲ. ಹೆರಾಲ್ಡು ಇಪ್ಪತ್ತೈದೇ ಅಡಿಯ ವೃತ್ತದಲ್ಲಿ ತಿರುಗುವ ಕಾರು, ಮುಂದಿನ ಗಾಲಿ ಅಷ್ಟು ಹೊರಳುತ್ತದೆ. ಅಗಲದ ಟಯರು ಹಾಕಿದರೆ ತಗಡಿಗೆ ಉಜ್ಜುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ. ಮಳೆಯ ನೀರು ನಿಂತ ರಸ್ತೆಯಲ್ಲಿ ಸಣ್ಣ ಕಾರಿಗೆ ಅಗಲದ ಟಯರಿಗಿಂತ ಕಿರಿದಾದದ್ದೇ ನೀರನ್ನು ಚೆನ್ನಾಗಿ ಸೀಳಿಕೊಂಡು ನೆಲ ಹಿಡಿಯುತ್ತದೆ. ಇನ್ನು ಹಳೆಯ ಅಡ್ಡನೂಲಿನ ಟಯರೋ, ರೇಡಿಯಲ್ಲೋ? ಫ್ರಾನ್ಸಿನ ಮಿಶಲಿನ್ ಕಂಪೆನಿ 1946ರಲ್ಲಿ ಪೇಟೆಂಟು ಪಡೆದ ರೇಡಿಯಲ್ಲು ನಮ್ಮ ದೇಶದಲ್ಲಿ ತಯಾರಾಗತೊಡಗಿದ್ದು 1977ರಲ್ಲಿ. ಅದು ಕಡಿಮೆ ಸವೆಯುತ್ತದೆ, ತಿರುವಿನಲ್ಲಿ ಹಿಡಿತ ಹೆಚ್ಚು. ಎರಡು ಜಾತಿಯನ್ನು ಬೆರಕೆ ಮಾಡಬಾರದು. ಹಾಕಿದರೆ ನಾಲ್ಕಕ್ಕೂ ಒಂದೇ ಜಾತಿ. 5.20-13ಕ್ಕೆ ಹೊಂದುವ ರೇಡಿಯಲ್ ಅಳತೆ 145/80 ಆರ್ 13. ಅಂದರೆ ಅಗಲ 145 ಮಿಲಿಮೀಟರು, ಎತ್ತರ ಅದರ ನೂರಕ್ಕೆ 80, ನಡುವಿನ ರಿಮ್ಮು 13 ಇಂಚು. ಹಳೆಯ ರಿಮ್ಮಿಗೆ ಒಳಗೆ ಟ್ಯೂಬು ಹಾಕಿಸುವುದೇ ಕ್ಷೇಮ.

ಅಂಗಡಿಯಾತ ಕಡೆಗೆ ಅದೇ ಅಳತೆಯ ನಾಲ್ಕು ಟಯರು ತಂದಿಟ್ಟ. "ಫ್ರೆಶ್ ಮಾಲು, ಕ್ರಯದಲ್ಲಿ ಸ್ವಲ್ಪ ಕಡಿಮೆ ಮಾಡುವ" ಎಂದ. ಹುಡುಗಿ ನೆಲಕ್ಕೆ ಕುಳಿತು ಪಕ್ಕೆಯ ಬರಹವನ್ನು ಬೆರಳಿಟ್ಟು ಓದಿದಳು. ಪ್ರತಿ ಟಯರಿನಲ್ಲೂ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ಹುಟ್ಟಿದ್ದು. ಲೆಕ್ಕ ಹಾಕಿ, "ಇದಕ್ಕೆ ಆರು ವರ್ಷ ಆಯ್ತು ಅಣ್ಣ, ಶಾಲೆಗೆ ಸೇರಿಸಬಹುದು" ಎಂದಳು. ಸುತ್ತ ನಿಂತವರು ನಕ್ಕರು. ಅವನೂ ನಗುತ್ತಲೇ ಒಳಗಿನಿಂದ ಅದೇ ವರ್ಷದ ಟಯರು ತಂದುಕೊಟ್ಟ. ಕ್ರಯದಲ್ಲಿ ಏನೂ ಕಡಿಮೆಯಾಗಲಿಲ್ಲ. ತಮ್ಮ ಹಳೆಯ ಟಯರುಗಳನ್ನು ಇನ್ನೊಂದು ವರ್ಷಕ್ಕೆಂದು ಎತ್ತಿಡಲು ಹೊರಟ, ನಾನು ಬಿಡಲಿಲ್ಲ. ಘಾಟಿಯ ತಿರುವಿನಲ್ಲಿ ಟಯರು ಸಿಡಿದರೆ ಉಳಿಸಿದ ಹಣದಿಂದ ಏನನ್ನು ಕೊಂಡುಕೊಳ್ಳುವುದು?

ನಿಮ್ಮಲ್ಲಿ ಅನೇಕರ ಮನೆಯಲ್ಲಿ ಸ್ಕೂಟರೋ ಕಾರೋ ಇದ್ದೇ ಇದೆ, ಹಲವರು ನೀವೇ ಓಡಿಸುತ್ತೀರಿ. ಸೀರೆ ಕೊಳ್ಳುವಾಗ ಸೆರಗು ತಿರುವಿ ನೋಡುವ ಹಾಗೆ, ಟಯರು ಕೊಳ್ಳುವಾಗ ಪಕ್ಕೆಯ ಆ ನಾಲ್ಕು ಅಂಕಿ ನೋಡಿ. ಐದಾರು ವರ್ಷ ಕಳೆದರೆ ವರ್ಷಕ್ಕೊಮ್ಮೆ ಬಿರುಕು ಪರೀಕ್ಷಿಸಿ. ಹತ್ತು ದಾಟಿದ್ದನ್ನು ಎಷ್ಟೇ ಹೊಸದಾಗಿ ಕಂಡರೂ ಇಟ್ಟುಕೊಳ್ಳಬೇಡಿ. ಗೆರಟೆಗೆ ಹಾಲು ಬೀಳಿಸಿದ ಮರದ ತೊಗಟೆ ಕೆಲವು ವರ್ಷದಲ್ಲಿ ಮತ್ತೆ ಬೆಳೆದು ಕತ್ತಿಗೆ ಸಿದ್ಧವಾಗುತ್ತದೆ. ಆ ಹಾಲಿನಿಂದಾದ ಟಯರಿಗೆ ಆ ಭಾಗ್ಯವಿಲ್ಲ.