ಕುಂಚ ಬಿಟ್ಟು ಕತ್ತರಿ ಹಿಡಿದ ಭಾನು ಅಥೈಯಾ

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯ ಜನಸಂದಣಿಯಲ್ಲಿ ಹೆಗಲ ಮೇಲೆ ಕರಿ ಕಂಬಳಿ ಕಂಡರೆ ಕುರಿಗಾಹಿ ಎಂದು ಯಾರೂ ಹೇಳದೆಯೇ ತಿಳಿಯುತ್ತದೆ. ಮೊಳಕಾಲ್ಮುರು ರೇಷ್ಮೆ ಸೀರೆ ಉಟ್ಟು ಬಂದವರ ಸಡಗರವೂ ಹಾಗೆಯೇ. ಆಡುವ ಮಾತಿಗಿಂತ ಮುಂಚೆ ಉಡುವ ಬಟ್ಟೆ ಮಾತನಾಡುತ್ತದೆ. ಈ ಸತ್ಯವನ್ನು ಹಿಂದಿ ಸಿನಿಮಾಕ್ಕೆ ಮನಗಾಣಿಸಿದವರಲ್ಲಿ ವಸ್ತ್ರವಿನ್ಯಾಸಕಿ ಭಾನು ಅಥೈಯಾ ಪ್ರಮುಖರು.

ಬೆಳಗಾವಿಗೆ ನೆರೆಯ ಕೊಲ್ಹಾಪುರದಲ್ಲಿ 1929ರ ಏಪ್ರಿಲ್ 28ರಂದು ಅವರ ಜನನ. ತಂದೆ ಅಣ್ಣಾಸಾಹೇಬ ರಾಜೋಪಾಧ್ಯೆ ಚಿತ್ರಕಾರರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಭಾನು ಅವರ ಚಿತ್ರಗಳು 1953ರಲ್ಲಿ ಪ್ರಗತಿಶೀಲ ಕಲಾವಿದರ ಗುಂಪಿನ ಪ್ರದರ್ಶನದಲ್ಲಿದ್ದವು. ‘ಈವ್ಸ್ ವೀಕ್ಲಿ’ ಪತ್ರಿಕೆಗೆ ಉಡುಪುಗಳ ಚಿತ್ರ ಬರೆಯುತ್ತಿದ್ದ ಅವರನ್ನು ಆ ಕೆಲಸವೇ ಹೊಲಿಗೆಯತ್ತ, ಅಲ್ಲಿಂದ ಸಿನಿಮಾದತ್ತ ಕರೆದೊಯ್ದಿತು. ಅದು ಸಣ್ಣ ನಿರ್ಧಾರವೇನಲ್ಲ. ಕಲಾವಿದರ ಹೆಸರು ಚಿತ್ರದ ಮೂಲೆಯಲ್ಲಿ ಉಳಿಯುತ್ತದೆ. ಪೋಷಾಕು ಮಾಡಿದವರ ಹೆಸರು ತೆರೆಯ ಮೇಲೆ ಓದುವಷ್ಟರಲ್ಲಿ ಮಾಯವಾಗುತ್ತದೆ.

ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ನಿರ್ಮಿಸಿದ ‘ಸಿ.ಐ.ಡಿ.’ (1956) ಅವರಿಗೆ ನೆಲೆ ಒದಗಿಸಿತು. ‘ಪ್ಯಾಸಾ’ (1957), ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ನಂತರ ಬಂದವು. ಮೈಸೂರಿನ ಆರ್.ಕೆ. ನಾರಾಯಣ್ ಅವರ ಕಾದಂಬರಿ ಆಧರಿಸಿದ ‘ಗೈಡ್’ (1965) ಚಿತ್ರಕ್ಕೂ ದುಡಿದರು. ‘ಆಮ್ರಪಾಲಿ’ (1966) ಚಿತ್ರದ ಪ್ರಾಚೀನ ವೈಶಾಲಿಗೆ ಅಜಂತಾದ ಭಿತ್ತಿಚಿತ್ರಗಳನ್ನು ಅಭ್ಯಾಸ ಮಾಡಿದರು. ‘ಬ್ರಹ್ಮಚಾರಿ’ (1968) ಚಿತ್ರದಲ್ಲಿ ಮುಮ್ತಾಜ್ ಸರಾಗವಾಗಿ ಕುಣಿಯಲೆಂದು ಸೀರೆಯನ್ನು ಮೊದಲೇ ಹೊಲಿದು ಜಿಪ್ ಇಟ್ಟುಕೊಟ್ಟರು.

ಅವರ ನಿಜವಾದ ಪರೀಕ್ಷೆ ರಿಚರ್ಡ್ ಅಟೆನ್‌ಬರೊ ನಿರ್ದೇಶಿಸಿದ ‘ಗಾಂಧಿ’ (1982). ಗಾಂಧೀಜಿಯ ಬದುಕಿನ ತಿರುವುಗಳನ್ನು ಅವರ ಬಟ್ಟೆಯಲ್ಲೇ ಓದಬಹುದು. ದಕ್ಷಿಣ ಆಫ್ರಿಕಾದಲ್ಲಿ ಬ್ಯಾರಿಸ್ಟರನ ಸೂಟು. 1921ರಲ್ಲಿ, ಮಧುರೆಯಲ್ಲಿ, ಬಡವನ ತುಂಡು ಪಂಚೆ. ಇಲ್ಲಿ ಅಲಂಕಾರಕ್ಕೆ ಅವಕಾಶವೇ ಇಲ್ಲ. ಒಬ್ಬ ಮನುಷ್ಯ ಬಟ್ಟೆಯನ್ನು ಕಡಿಮೆ ಮಾಡುತ್ತ ಹೋದಂತೆ ಅವನ ಮಾತಿನ ತೂಕ ಹೆಚ್ಚುತ್ತ ಹೋದುದನ್ನು ತೋರಿಸಬೇಕಿತ್ತು. ಈ ಕೆಲಸಕ್ಕಾಗಿ 1983ರಲ್ಲಿ ಬ್ರಿಟನ್ನಿನ ಜಾನ್ ಮೊಲ್ಲೊ ಅವರೊಂದಿಗೆ ಆಸ್ಕರ್ ಹಂಚಿಕೊಂಡ ಭಾನು, ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ಮುಂದೆ ‘ಲೇಕಿನ್’ ಮತ್ತು ‘ಲಗಾನ್’ ಚಿತ್ರಗಳಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಆದರೆ ತಮ್ಮ ನಂತರ ಆಸ್ಕರ್ ಪ್ರತಿಮೆ ಇಲ್ಲಿ ಸುರಕ್ಷಿತವಾಗಿರುತ್ತದೆಂಬ ಭರವಸೆ ಅವರಿಗಿರಲಿಲ್ಲ. 2012ರಲ್ಲಿ ಅದನ್ನು ಅಮೆರಿಕದ ಅಕಾಡೆಮಿಗೇ ಮರಳಿಸಿದರು. 2020ರ ಅಕ್ಟೋಬರ್ 15ರಂದು ಮುಂಬಯಿಯಲ್ಲಿ ತೀರಿಕೊಂಡರು. ಚಿನ್ನದ ಲೇಪದ ಪ್ರತಿಮೆಗೇ ಈ ಗತಿಯಾದರೆ, ಚಿತ್ರೀಕರಣ ಮುಗಿದ ಮೇಲೆ ಗಂಟು ಕಟ್ಟಿ ಮೂಲೆಗೆ ಬೀಳುವ ಪೋಷಾಕುಗಳನ್ನು ಕಾಪಾಡುವವರು ಯಾರು? ನಟರ ಮುಖಗಳನ್ನು ನೆನಪಿಟ್ಟುಕೊಂಡ ನಾವು, ಅವರು ಉಟ್ಟಿದ್ದನ್ನು ಸಿದ್ಧಪಡಿಸಿದ ಕೈಗಳನ್ನು ಮರೆತಿದ್ದೇವೆ.