ಊರೂರೇ ಅಚ್ಚು ಹಾಕಿದ ನೋಟು

ಚಿಲ್ಲರೆ ಸಿಗಲಿಲ್ಲ ಅಂದ್ರೆ ಪುರಸಭೆಯೇ ನೋಟು ಅಚ್ಚು ಹಾಕಿಬಿಡೋದಾ? ಜರ್ಮನಿಯಲ್ಲಿ ಆಗಿದ್ದು ಅದೇ ನೋಡಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು. ಜನ ಬೆಳ್ಳಿ ನಾಣ್ಯಗಳನ್ನು ಬಚ್ಚಿಟ್ಟರು. ತಾಮ್ರ, ನಿಕ್ಕಲ್ ಯುದ್ಧಕ್ಕೆ ಹೋಯ್ತು. ಸಣ್ಣ ಸಣ್ಣ ಊರುಗಳೂ ತಮ್ಮದೇ ಕಾಗದದ ಹಣ ಹೊರಡಿಸಿದವು. ಹೆಸರು ‘ನೋಟ್‌ಗೆಲ್ಡ್’. ಇಲ್ಲಿ ನೋಟ್ ಅಂದ್ರೆ ನಮ್ಮ ನೋಟಲ್ಲ, ಆಪತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಯುದ್ಧ ಮುಗಿದ ಮೇಲಿನ ಕಥೆ. ಬಣ್ಣಬಣ್ಣದ ಈ ನೋಟುಗಳನ್ನು ಜನ ಖರ್ಚು ಮಾಡದೆ ಆಲ್ಬಮ್‌ಗೆ ಸೇರಿಸತೊಡಗಿದರು. ಹ್ಯಾಮೆಲಿನ್ ಊರು ತನ್ನ ನೋಟಿನ ಮೇಲೆ ಇಲಿ ಹಿಡಿಯುವವನನ್ನೇ ಕೂರಿಸಿತು. ಹೌದು, ಕುವೆಂಪು ಕನ್ನಡಕ್ಕೆ ತಂದ ಅದೇ ಕಿಂದರಿಜೋಗಿ! ಬೀಲೆಫೆಲ್ಡ್ ರೇಷ್ಮೆ ಬಟ್ಟೆಯ ಮೇಲೇ ನೋಟು ಮುದ್ರಿಸಿತು. ಗಡುವಿನೊಳಗೆ ವಾಪಸ್ ಬಾರದ ನೋಟಿಗೆ ಊರು ಹಣ ಕೊಡಬೇಕಿರಲಿಲ್ಲ. ಅಷ್ಟೂ ಲಾಭ! ಆಪತ್ತಿನ ಹಣ ವ್ಯಾಪಾರವಾಗಿಹೋಯ್ತು. 1922ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು.

ಮರುವರ್ಷವೇ ನಿಜವಾದ ಆಪತ್ತು ಬಂತು. 1923ರ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್! ಊರುಗಳು ಮತ್ತೆ ನೋಟು ಅಚ್ಚು ಹಾಕಿದವು. ಈ ಸಲ ಆಲ್ಬಮ್ ತುಂಬಿಸೋಕೆ ಯಾರಿಗಿತ್ತು ಪುರುಸೊತ್ತು? ಸಂಬಳ ಕೈಗೆ ಬಂದ ಕೂಡಲೇ ಬೆಲೆ ಏರೋದರೊಳಗೆ ಬ್ರೆಡ್ ಅಂಗಡಿಗೆ ಓಡಬೇಕಿತ್ತು.